ನಿದ್ದೆಗೊಂದು ಮಗ್ಗ

ಫೋನು ಬಂದಾಗ ನಾನು ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಬೇಸಿಗೆ ಬಂತೆಂದರೆ ಗಡಹಿಂಗ್ಲಜದ ನಮ್ಮ ಓಣಿಯ ಮಾಳಿಗೆಗಳೆಲ್ಲ ಕೆಂಪಾಗುತ್ತವೆ. ಖಾರಕ್ಕೆ ಸಂಕೇಶ್ವರದ ಕಾಯಿ, ಬಣ್ಣಕ್ಕೆ ಬ್ಯಾಡಗಿ. ಬಿಸಿಲಿಗೆ ಒಣಗಿಸಬೇಕು, ತೊಟ್ಟು ಮುರಿಯಬೇಕು, ಎಳ್ಳು, ಕೊಬ್ಬರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಎಲ್ಲ ಹುರಿಯಬೇಕು. ಆಮೇಲೆ ಕುಟ್ಟುವ ಗಿರಣಿಗೆ ಒಯ್ದು ಡಬ್ಬಿ ತುಂಬಿಸಿಕೊಂಡು ಬಂದರೆ ಒಂದು ವರ್ಷದ ಚಿಂತೆ ಹರಿಯಿತು. ಬೇಸರದ ಕೆಲಸವೇ. ಆದರೆ ಕೈ ತನ್ನಷ್ಟಕ್ಕೆ ಮಾಡುತ್ತಿರುತ್ತದೆ, ಬಾಯಿ ಸುಮ್ಮನಿರುತ್ತದೆ, ಮನಸ್ಸು ಎಲ್ಲಿಗೆ ಬೇಕಾದರೂ ಹೋಗಿಬರಬಹುದು. ಹೆಂಗಸರಿಗೆ ಶಿವ ಕೊಟ್ಟ ಸಣ್ಣ ಸಣ್ಣ ಪುಣ್ಯಗಳಲ್ಲಿ ಇದೂ ಒಂದು ಅಂತ ನಾನು ಲೆಕ್ಕ ಹಿಡಿದಿದ್ದೇನೆ.

"ಫೋನ ಒದರಾಕತ್ತೈತಿ ನೋಡವಾ," ಅಂದರು ನಮ್ಮ ಅತ್ತೆ. ಅವರು ಎದುರಿಗೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು.

ನನ್ನ ಕೈ ಮುಂಗೈತನಕ ಕೆಂಪು. ಫೋನು ಮುಟ್ಟುವ ಹಾಗಿರಲಿಲ್ಲ. ಅತ್ತೆಯೇ ಒತ್ತಿ, ತುಂಬಿದ ತಂಬಿಗೆಗೆ ಆನಿಸಿ ನಿಲ್ಲಿಸಿದರು. ಇಚಲಕರಂಜಿಯಿಂದ ನನ್ನ ತಮ್ಮ ಬಸು.

"ಅಕ್ಕಾ, ಕೆಲಸದಾಗ ಇದ್ದೇನ?"

"ಇದ್ದರೂ ಹೇಳು."

"ಮಗ್ಗ ಮಾರಿದ್ನಿ. ಗುಜರಿಯಾಂವ ಟೆಂಪೋ ತಂದಾನ. ಎಲ್ಲಾ ಹೇರಿ ಆತು, ಒಂದ ಉಳದೈತಿ. ಅಪ್ಪ ಅದರ ಮುಂದ ನಿಂತ ಬಿಟ್ಟಾನ. ಜಾಗಾ ಬಿಡವಲ್ಲ."

"ಯಾಕಂತ?"

"ಯಾಕ ಅಂದ್ರ ಹೇಳವಲ್ಲ. ಎರಡೂ ಕೈ ಅಡ್ಡ ಮಾಡಿ ನಿಂತಾನ, ಮಗೂನ್ನ ಕಸಗೊಳ್ಳಾಕ ಬಂದಾರೇನೋ ಅನ್ನೂವಂಗ. ನೀ ಹೇಳಿದ್ರ ಕೇಳ್ತಾನ. ಗುಜರಿಯವರು ಚಾ ಕುಡದ ಬರ್ತೀವಿ ಅಂತ ಹೋಗ್ಯಾರ. ಅವರು ಹೊಳ್ಳಿ ಬಂದಮ್ಯಾಲೆ ವಿಡಿಯೋ ಹಚ್ಚತೀನಿ, ಅವನ ಮುಂದ ಹಿಡೀತೀನಿ. ಬಿಡು ಅಂತ ಹೇಳು."

"ಆತು, ಹೇಳ್ತೀನಿ. ಹಳೇ ಕಬ್ಬಿಣ ಇಟಕೊಂಡು ಏನ ಮಾಡಬೇಕು?" ಅಂದೆ. ನಾನು ಯಾವಾಗಲೂ ಹೀಗೆಯೇ. ಎಲ್ಲರಿಗಿಂತ ಮೊದಲು ತಿಳಿವಳಿಕೆಯ ಮಾತು ಆಡಿಬಿಡುತ್ತೇನೆ.

ಬಸುವಿನದು ತಪ್ಪೇನಲ್ಲ. ಕರೆಂಟಿನ ಮೇಲೆ ಓಡುವ ಈ ಹಳೆಯ ಮಗ್ಗಗಳಿಗೆ ಈಗ ಕೆಲಸವಿಲ್ಲ. ಮಗ್ಗದ ಶೆಡ್ಡನ್ನು ಒಡೆಸಿ ಖೋಲಿ ಮಾಡಿ, ಹೊರಊರಿನಿಂದ ಓದಲು ಬರುವ ಹುಡುಗಿಯರಿಗೆ ಬಾಡಿಗೆ ಕೊಡುವುದು ಅವನ ವಿಚಾರ. ಅಪ್ಪನೂ ಹೂಂ ಅಂದಿದ್ದ. ಈಗ ಕಟ್ಟಕಡೆಯ ಮಗ್ಗಕ್ಕೆ ಯಾಕೆ ಅಡ್ಡ ನಿಂತನೋ ನನಗೆ ತಿಳಿಯಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳುವುದೂ ಸುಲಭವಲ್ಲ. ಜನ್ಮವಿಡೀ ಮಗ್ಗದ ಮಧ್ಯೆ ನಿಂತು ಅವನ ಎರಡೂ ಕಿವಿ ಹೋಗಿವೆ. ಮುಖ ತೋರಿಸಬೇಕು, ಕೈ ಆಡಿಸಬೇಕು.

ಕೈಮಾತು ನಮ್ಮ ಮನೆಗೆ ಹೊಸದಲ್ಲ ನೋಡ್ರಿ. ಮಗ್ಗದ ಮನೆಯಲ್ಲಿ ಹುಟ್ಟಿದವರು ತೊಟ್ಟಿಲಲ್ಲೇ ಅದನ್ನು ಕಲಿಯುತ್ತಾರೆ. ಶೆಡ್ಡಿನೊಳಗೆ ಎಷ್ಟು ಒದರಿದರೂ ಪಕ್ಕದವನಿಗೆ ಕೇಳದು. ಬೆರಳು ತಿರುಗಿಸಿದರೆ ಮಗ್ಗ ಹಚ್ಚು. ಎರಡು ಬೆರಳು ಬಿಡಿಸಿದರೆ ನೂಲು ಹರಿಯಿತು. ಬಾಯಿಗೆ ಕೈ ಒಯ್ದರೆ ಊಟಕ್ಕೆ ಬಾ. ಅಂಗೈಯನ್ನು ಗಲ್ಲಕ್ಕೆ ಆನಿಸಿ ಕಣ್ಣು ಮುಚ್ಚಿದರೆ, ಹೋಗಿ ಮಲಗು. ಸಣ್ಣವಳಿದ್ದಾಗ ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ತೂಕಡಿಸುತ್ತಿದ್ದರೆ ಅಪ್ಪ ಅಷ್ಟು ದೂರದಿಂದ ಗಲ್ಲಕ್ಕೆ ಕೈ ಹಚ್ಚಿ ತೋರಿಸುತ್ತಿದ್ದ. ನಾನು ಹೋಗಿ ಮಲಗುತ್ತಿದ್ದೆ. ಶೆಡ್ಡಿಗೂ ನನ್ನ ಹಾಸಿಗೆಗೂ ನಡುವೆ ಒಂದೇ ಗೋಡೆ. ಆ ಗೋಡೆ ಸಣ್ಣಗೆ ನಡುಗುತ್ತಿತ್ತು. ಖಟ್ ಖಟ್ ಖಟ್ ಖಟ್. ಬೇರೆ ಮಕ್ಕಳು ಜೋಗುಳ ಕೇಳಿ ಮಲಗಿದರಂತೆ. ನಾನು ಮಲಗಿದ್ದು ಇದನ್ನು ಕೇಳಿ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಒಂದು ಕಾಲದಲ್ಲಿ ನಾನು ಜರ್ಮನಿಗೆ ಓದಲು ಹೋಗಿದ್ದೆ. ಈ ಮಾತು ಹೇಳಿದರೆ ಗಡಹಿಂಗ್ಲಜದಲ್ಲಿ ಯಾರೂ ಒಮ್ಮೆಲೆ ನಂಬುವುದಿಲ್ಲ. ಸೊಂಟಕ್ಕೆ ಸೆರಗು ಸಿಗಿಸಿ, ಹಣೆಗೆ ವಿಭೂತಿ ಹಚ್ಚಿ, ಬಜಾರದಲ್ಲಿ ಕೊತ್ತಂಬರಿಗೆ ಹಟ ಹಿಡಿಯುವ ಹೆಂಗಸು ವಿಮಾನ ಹತ್ತಿದ್ದಳೆಂದರೆ ಹೇಗೆ? ಅತ್ತೆಯಂತೂ ಈಗಲೂ ನನ್ನ ಕೈಯಲ್ಲಿ ಹಾಲು ಉಕ್ಕಿದರೆ, "ಜರ್ಮನ್ಯಾಗ ಹಾಲು ಉಕ್ಕತಿದ್ದಿಲ್ಲೇನವಾ?" ಅಂತ ಕೇಳುತ್ತಾರೆ. "ಅಲ್ಲಿ ಹಾಲು ಥಂಡಿ ಕುಡೀತಾರ್ರಿ ಅತ್ತಿ," ಅಂತ ನಾನೂ ಬಿಡುವುದಿಲ್ಲ.

ಕೊಲ್ಹಾಪುರದಲ್ಲಿ ಬಟ್ಟೆ ಬಣ್ಣಗಳ ವಿಷಯ ಓದುತ್ತಿದ್ದೆ. ಇಚಲಕರಂಜಿಯಿಂದ ದಿನಾ ಎಸ್‌ಟಿ ಬಸ್ಸು. ಒಬ್ಬ ಮಾಸ್ತರು ಒಂದು ಅರ್ಜಿ ಹಾಕಿಸಿದರು. ದೇವರ ದಯೆ, ಓದುವ ಖರ್ಚನ್ನು ಆ ಕಡೆಯವರೇ ನೋಡಿಕೊಳ್ಳುತ್ತೇವೆ ಅಂದರು. ಅವ್ವ ಆಗಲೇ ತೀರಿಕೊಂಡಿದ್ದಳು. ಅಪ್ಪ ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿ ನನಗೊಂದು ಜೋಡಿ ಚಪ್ಪಲಿ ಕೊಡಿಸಿದ. ಕರ್ ಕರ್ ಅನ್ನುವ ಗಟ್ಟಿ ಚಪ್ಪಲಿ. "ಅಲ್ಲಿ ರಸ್ತೆ ಹೆಂಗಿರ್ತಾವೋ ಏನೋ, ಇವು ತಡೀತಾವ," ಅಂದ. ಅಲ್ಲಿ ಇಳಿದಾಗ ಮೊಳಕಾಲುದ್ದ ಹಿಮ. ಆ ಚಪ್ಪಲಿಗಳನ್ನು ಎರಡು ವರ್ಷ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ನೋಡಿದೆ. ನೋಡಲು ಏನೋ ಇತ್ತಲ್ಲ, ಅದೂ ಒಂದು ಪುಣ್ಯ.

ನನ್ನನ್ನು ಇಟ್ಟ ಊರು ಒಂದು ಕಾಲಕ್ಕೆ ನಮ್ಮ ಇಚಲಕರಂಜಿಯ ಹಾಗೆಯೇ ಇದ್ದ ಊರು. ಎಲ್ಲಿ ನೋಡಿದರೂ ಕೆಂಪು ಇಟ್ಟಂಗಿಯ ಜವಳಿ ಗಿರಣಿಗಳು, ಎತ್ತರದ ಹೊಗೆಕೊಳವೆಗಳು. ಆದರೆ ಹೊಗೆಯಿಲ್ಲ, ಸಪ್ಪಳವಿಲ್ಲ. ಗಿರಣಿಗಳೆಲ್ಲ ಎಂದೋ ನಿಂತುಹೋಗಿದ್ದವು. ಅಂಥದೇ ಒಂದು ಗಿರಣಿಯನ್ನು ಖೋಲಿ ಖೋಲಿ ಮಾಡಿ ಓದುವ ಮಕ್ಕಳಿಗೆ ಕೊಟ್ಟಿದ್ದರು. ನನ್ನ ಖೋಲಿಯ ನೆಲದಲ್ಲಿ ದೊಡ್ಡ ದೊಡ್ಡ ಬೋಲ್ಟುಗಳ ಗುರುತಿತ್ತು. ಮಗ್ಗ ಕೂತಿದ್ದ ಜಾಗ. ಬೇರೆಯವರಿಗೆ ಅದು ನೆಲದ ಕಲೆ. ನನಗೆ ಮಾತ್ರ ಯಾರದೋ ಮಂಚ ಎತ್ತಿ ಒಯ್ದ ಮನೆಗೆ ಬಂದ ಹಾಗಾಯಿತು.

ಮೊದಲ ದಿನ ಹಾಸಿಗೆಗೆ ಬಿದ್ದೆ. ನಿದ್ದೆ ಬರಲಿಲ್ಲ. ಹೊಸ ಜಾಗ ಅಂದುಕೊಂಡೆ. ಆಮೇಲೂ ಬರಲಿಲ್ಲ. ಥಂಡಿ ಅಂದುಕೊಂಡೆ, ಇನ್ನೊಂದು ಹೊದಿಕೆ ತಂದೆ. ಹಸಿವು ಅಂದುಕೊಂಡೆ, ಎದ್ದು ಬೆಲ್ಲ ತಿಂದೆ. ಕಡೆಗೆ ಗೊತ್ತಾಯಿತು, ಗೋಡೆ ನಡುಗುತ್ತಿಲ್ಲ. ಅಷ್ಟು ಸುಮ್ಮನಿರುವ ಗೋಡೆಯನ್ನು ನಾನು ಜನ್ಮದಲ್ಲಿ ಮುಟ್ಟಿರಲಿಲ್ಲ.

ಆ ದೇಶದ ಜನಕ್ಕೆ ಸುಮ್ಮನಿರುವುದು ಒಂದು ಧರ್ಮವೇ ಆಗಿದೆ. ಒಂದು ಭಾನುವಾರ ಮನೆಯ ನೆನಪು ತಡೆಯಲಾರದೆ ಕುಟ್ಟಾಣಿಯಲ್ಲಿ ಶೇಂಗಾ ಚಟ್ನಿ ಕುಟ್ಟತೊಡಗಿದೆ. ಕಬ್ಬಿಣದ ಕುಟ್ಟಾಣಿ, ಊರಿನಿಂದ ಹೊತ್ತು ತಂದದ್ದು. ಹತ್ತು ಏಟು ಹಾಕಿರಲಿಲ್ಲ, ಬಾಗಿಲು ಬಡಿದ ಸದ್ದು. ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಮನೆ ಮಾಡಿಕೊಂಡಿದ್ದ ಮುದುಕಿ. ನಗುತ್ತಲೇ ಇದ್ದಳು. ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಕ್ಯಾಲೆಂಡರು ತೋರಿಸಿದಳು. ಭಾನುವಾರ ಅಲ್ಲಿ ಯಾರೂ ಸಪ್ಪಳ ಮಾಡುವ ಹಾಗಿಲ್ಲವಂತೆ. ನಾನೂ ತಲೆಯಾಡಿಸಿ, ಅರ್ಧ ಕುಟ್ಟಿದ ಚಟ್ನಿಯನ್ನು ಒಂದು ಚಮಚ ಅವಳ ಅಂಗೈಗೆ ಹಾಕಿದೆ. ಅವಳು ಬಾಯಿಗೆ ಹಾಕಿಕೊಂಡಳು. ಆಮೇಲೆ ಅವಳು ಮಾಡಿದ ಸಪ್ಪಳಕ್ಕೆ ಇಡೀ ಕಟ್ಟಡ ಎದ್ದು ಕೂತಿತು.

ನಗು ಬರುತ್ತದೆ ಈಗ. ಆಗ ಬಾಗಿಲು ಹಾಕಿಕೊಂಡ ಮೇಲೆ ನಗು ಬರಲಿಲ್ಲ. ಮಾತು ಅಂದರೆ ಕಾಲೇಜಿನಲ್ಲಿ ಬಣ್ಣ, ನೂಲು, ಉಷ್ಣತೆ. ಕನ್ನಡ ಮಾತಾಡುವವರು ಒಬ್ಬರೂ ಇಲ್ಲ, ಮರಾಠಿಯವರೂ ಇಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡಗೈಯ ಮೇಲಿಟ್ಟು ಪೂಜೆಗೆ ಕೂರುತ್ತಿದ್ದೆನಲ್ಲ, ಆಗ ಅದರ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದೆ. ಮಂತ್ರ ಅಲ್ಲ, ಸುಮ್ಮನೆ ಮಾತು. "ಶಿವನೇ, ಇವತ್ತೂ ಬ್ರೆಡ್ಡ ಐತಿ ನೋಡು." "ಶಿವನೇ, ಬಸ್ಸಿನ್ಯಾಗ ಯಾರೂ ಬಾಜೂಕ ಕುಂಡರಲಿಲ್ಲ." ಅಂಗೈಯಲ್ಲಿ ಒಬ್ಬ ಕೇಳುವವನು ಇದ್ದ. ಇಲ್ಲದವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ.

ಪಕ್ಕದ ಖೋಲಿಯಲ್ಲಿ ಅಗ್ನೆಸ್ ಅಂತ ಕ್ಯಾಮರೂನ್ ದೇಶದ ಹುಡುಗಿ ಇದ್ದಳು. ನನ್ನ ಹಣೆಯ ವಿಭೂತಿಯನ್ನು ನೋಡುತ್ತಿದ್ದಳು, ಕೇಳುತ್ತಿರಲಿಲ್ಲ. ಒಂದು ಬುಧವಾರ ಸಂಜೆ ಅಡುಗೆಮನೆಗೆ ಬಂದಳು, ಅವಳ ಹಣೆಯ ಮೇಲೂ ಬೂದಿ! ಅವರ ಚರ್ಚಿನಲ್ಲಿ ವರ್ಷಕ್ಕೆ ಒಂದು ದಿನ ಹಚ್ಚುತ್ತಾರಂತೆ. ನಾನು ಅವಳ ಹಣೆ ನೋಡಿದೆ, ಅವಳು ನನ್ನದು ನೋಡಿದಳು. "ನೀನು ದಿನಾ ಯಾಕೆ ಹಚ್ಚುತ್ತೀ?" ಅಂದಳು. "ನೀನು ವರ್ಷಕ್ಕೆ ಒಮ್ಮೆಯೇ ಯಾಕೆ ಹಚ್ಚುತ್ತೀ?" ಅಂದೆ. ಅವತ್ತು ಇಬ್ಬರೂ ಕೂಡಿ ಅನ್ನ ಸಾರು ಉಂಡೆವು. ಆದರೆ ವರ್ಷ ತುಂಬುವುದರೊಳಗೆ ಅವಳ ಓದು ಮುಗಿಯಿತು, ಬೇರೆ ಊರಿಗೆ ಹೋದಳು. ಅವಳ ಖೋಲಿಗೆ ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡ ಒಬ್ಬ ಹುಡುಗಿ ಬಂದಳು. ಅವಳ ಮುಖ ನನಗೆ ಈಗ ನೆನಪಿಲ್ಲ.

ಮಗ್ಗದ ಮಾತಿಗೆ ಬರುತ್ತೇನೆ. ಒಂದು ದಿನ ಮಲಗುವ ಮುಂಚೆ ಅಪ್ಪನಿಗೆ ಫೋನು ಮಾಡಿದೆ. ಅಲ್ಲಿ ಮಲಗುವ ಹೊತ್ತು ಅಂದರೆ ಇಲ್ಲಿ ನಸುಕು. ಅಪ್ಪ ನಸುಕಿಗೇ ಎದ್ದು ಶೆಡ್ಡಿಗೆ ಬರುವ ಮನುಷ್ಯ. ಆಗಲೇ ಒಂದು ಕಿವಿ ಮಂದ. ಮಾತಾಡುತ್ತಿದ್ದಾಗಲೇ ಯಾವುದೋ ಮಗ್ಗದಲ್ಲಿ ನೂಲು ಹರಿಯಿತು. ಫೋನನ್ನು ಕಿಟಕಿಯಲ್ಲಿಟ್ಟು ಕಟ್ಟಲು ಹೋದವನು ಮರೆತೇಬಿಟ್ಟ. ಖಟ್ ಖಟ್ ಖಟ್ ಖಟ್. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು, ಫೋನು ಕಿವಿಯ ಕೆಳಗೆ ಸತ್ತು ಬಿದ್ದಿತ್ತು. ಎಷ್ಟೋ ದಿನಗಳ ಮೇಲೆ ಆದ ಮೊದಲ ನಿದ್ದೆ ಅದು. ಮರುದಿನ ನಗುತ್ತ ಹೇಳಿದೆ. ಅಪ್ಪ ನಗಲಿಲ್ಲ. "ದಿನಾ ಇಡ್ತೀನಿ ತಗೋ," ಅಂದ.

ಅಂದಿನಿಂದ ಅದೇ ನಮ್ಮ ಪದ್ಧತಿ. "ಕೇಳ್ತೈತೇನ?" ಅಂತ ಒಮ್ಮೆ ಒದರುವುದು, ಕಿಟಕಿಯಲ್ಲಿ ಫೋನು ಇಡುವುದು. ನಾನು ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಿದ್ದೆ. ಲಾಳಿ ಓಡುತ್ತಿದೆ. ಈಗ ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿಯಿತು, ಮಗ್ಗ ನಿಂತಿತು. ಒಂದು ಉಸಿರು. ಅಪ್ಪ ಹೊಸ ಕಂಡಿಕೆ ಹಾಕಿದ, ಹಚ್ಚಿದ, ಮತ್ತೆ ಖಟ್ ಖಟ್. ಹೀಗೆ ಎರಡು ಮೂರು ಸಲ ನಿಂತು ಹೊರಡುವುದರೊಳಗೆ ನಾನು ನಿದ್ದೆಗೆ ಜಾರುತ್ತಿದ್ದೆ.

ಎರಡನೆಯ ಥಂಡಿ ಕೆಟ್ಟದ್ದು. ಅಗ್ನೆಸ್ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ನಾನು ಮಾಡಿದ ಬಣ್ಣವೆಲ್ಲ ಒಗೆದರೆ ಬಿಡುತ್ತಿತ್ತು. ಮಧ್ಯಾಹ್ನ ಊಟದ ಹೊತ್ತು ದಾಟುತ್ತಲೇ ಕತ್ತಲು. ಒಂದು ದಿನ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವಾಗ, ಇವತ್ತು ಬೆಳಿಗ್ಗೆಯಿಂದ ನನ್ನ ಹೆಸರನ್ನು ಯಾರೂ ಕರೆದಿಲ್ಲ ಅಂತ ಹೊಳೆಯಿತು. ನಿನ್ನೆಯೂ ಕರೆದಿರಲಿಲ್ಲ. ಪೆಟ್ಟಿಗೆ ಇಳಿಸಿದೆ. ಅಪ್ಪನಿಗೆ ಹೇಳಿದೆ, "ಸಾಕಪ್ಪಾ, ನಾ ಹೊಳ್ಳಿ ಬರ್ತೀನಿ."

ಅಪ್ಪ ಬೇಡ ಅನ್ನಲಿಲ್ಲ. "ಬಾ. ನಿನ್ನ ಮನಿ ಐತಿ. ಆದ್ರ ಇವತ್ತೊಂದ ನಿದ್ದಿ ಮಾಡು, ನಾಳಿ ಎದ್ದು ಹೇಳು," ಅಂದ. ಫೋನು ಕಿಟಕಿಗೆ ಹೋಯಿತು.

ಮರುದಿನ ಮತ್ತೆ ಹೇಳಿದೆ. "ಬಾ ಅಂತ ಹೇಳೇನಲ್ಲ. ಇವತ್ತೊಂದ ನಿದ್ದಿ ಮಾಡು."

ಆ ಥಂಡಿಯನ್ನು ನಾನು ಹೀಗೆ ಒಂದೊಂದೇ ನಿದ್ದೆ ಮಾಡಿ ದಾಟಿದೆ. ಬೆಳಿಗ್ಗೆ ಎದ್ದರೆ ಪೆಟ್ಟಿಗೆಯ ಮಾತು ನೆನಪಾಗುತ್ತಿರಲಿಲ್ಲ, ಸಂಜೆಗೆ ಮತ್ತೆ ನೆನಪಾಗುತ್ತಿತ್ತು. ಆ ವರ್ಷ ಸಪ್ಪಳ ಸ್ವಲ್ಪ ತೆಳ್ಳಗಿತ್ತು. ದೂರದಿಂದ ಬರುವುದಲ್ಲ, ಸವೆದಿರುತ್ತದೆ ಅಂದುಕೊಂಡೆ. ಇನ್ನೊಂದು ವಿಶೇಷ, ಮಗ್ಗ ನಡುವೆ ನಿಲ್ಲುತ್ತಲೇ ಇರಲಿಲ್ಲ. ನನಗೆ ಎಚ್ಚರವಿರುವಷ್ಟು ಹೊತ್ತೂ ಒಂದೇ ಸಮ ಓಡುತ್ತಿತ್ತು. ಆಹಾ, ಎಂಥ ನೂಲು ಸಿಕ್ಕಿದೆ ಅಪ್ಪನಿಗೆ, ಒಮ್ಮೆಯೂ ಹರಿಯುತ್ತಿಲ್ಲ ಅಂತ ಹಿಗ್ಗುತ್ತಿದ್ದೆ. ಪೂಜೆಯಲ್ಲಿ ಅದಕ್ಕೂ ಬೇರೆ ಕೈಮುಗಿದದ್ದುಂಟು.

"ಅಪ್ಪಾ, ಧಂದಾ ಹೆಂಗೈತಿ?" ಅಂತ ಕೇಳಿದರೆ, "ಜೋರ ಐತಿ. ಸಪ್ಪಳ ಕೇಳವಲ್ದೇನ ನಿನಗ?" ಅನ್ನುತ್ತಿದ್ದ.

ಬೇಸಿಗೆ ಬಂತು. ನಾನು ಮಾಡಿದ ಬಣ್ಣ ಒಗೆದರೂ ಬಿಡದೆ ನಿಂತಿತು. ಓದು ಮುಗಿಸಿ ಬಂದೆ. ಬಂದು ಕೆಲ ಕಾಲ ಕೊಲ್ಹಾಪುರದಲ್ಲಿ ಪಾಠ ಹೇಳಿದೆ, ಮದುವೆಯಾಯಿತು, ಈ ಊರಿಗೆ ಬಂದೆ. ನಮ್ಮ ಮನೆಯವರದು ಬೆಲ್ಲದ ವ್ಯಾಪಾರ. ನಿಧಾನದ ಮನುಷ್ಯ, ದೇವರಂಥವರು. ನನ್ನ ಮೇಲೆ ಅವರದು ಒಂದೇ ದೂರು. ಥಂಡಿಯಲ್ಲೂ ನಾನು ಫ್ಯಾನು ಹಚ್ಚಿಯೇ ಮಲಗುತ್ತೇನೆ. ಅದು ಹಳೆಯ ಫ್ಯಾನು, ತಿರುಗುವಾಗ ಕಟಕಟ ಅನ್ನುತ್ತದೆ. ಅವರು ಎರಡು ಕಂಬಳಿ ಹೊದ್ದು, "ರಿಪೇರಿ ಮಾಡಸ್ತೀನಿ ಇದನ್ನ," ಅನ್ನುತ್ತಾರೆ. "ಬ್ಯಾಡ್ರಿ," ಅನ್ನುತ್ತೇನೆ. ಕರೆಂಟು ಹೋದ ದಿನ ಮಾತ್ರ ಕಣ್ಣು ಬಿಟ್ಟುಕೊಂಡು ಮಲಗಿರುತ್ತೇನೆ. ಹಿರಣ್ಯಕೇಶಿ ಹೊಳೆಯ ಕಡೆಯಿಂದ ನಾಯಿ ಬೊಗಳುವುದು ಕೇಳುತ್ತದೆ. ತುಂಬಿದ ಮನೆ, ಪಕ್ಕದಲ್ಲಿ ಮನುಷ್ಯ. ಆದರೂ ಆ ಗಿರಣಿಯ ಖೋಲಿ ಎಲ್ಲಿಂದಲೋ ಬಂದು ನನ್ನ ಸುತ್ತ ಗೋಡೆ ಎಬ್ಬಿಸಿ ನಿಲ್ಲುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳುವಂಥದ್ದೇನಿದೆ ಅದರಲ್ಲಿ?

ಮೊರ ತುಂಬಿತ್ತು. ಇನ್ನೊಂದು ಮೊರ ಎಳೆದುಕೊಂಡೆ. ಫೋನು ಮತ್ತೆ ಒದರಿತು. ಅತ್ತೆ ಒತ್ತಿದರು. ಪರದೆಯ ಮೇಲೆ ಬಸುವಿನ ಬೆವರಿದ ಮುಖ.

"ಅಕ್ಕಾ, ಬಂದಾರ ಅವರು. ಈಗ ಅಪ್ಪ ಏನಂತಾನ ಗೊತ್ತೇನ? ಇದು ಶೈಲಾನ ಮಗ್ಗ ಅಂತಾನ. ನಿನ್ನ ಮಗ್ಗ ಅಂತ!"

"ನನ್ನದ್ಯಾಂಗ? ನಾ ಎಂದ ಮಗ್ಗ ನಡಸೀನಿ?"

ಬಸು ಫೋನನ್ನು ಮುಖದ ಹತ್ತಿರ ತಂದ. ಆಮೇಲೆ, "ನಿನಗ ಅಪ್ಪ ಎಂದೂ ಹೇಳೇ ಇಲ್ಲಾ?" ಅಂದ.

"ಏನ?"

"ನೀ ಅಲ್ಲಿದ್ದಾಗ, ಎರಡನೇ ಥಂಡಿ. ಊರಾಗ ಮಂದಿ ಧಂದಾ ಬಂದ್ ಮಾಡಿ ಕುಂತಿದ್ರು. ನೂಲ ಕೊಡವ್ರಿಲ್ಲ, ಬಟ್ಟಿ ತಗೊಳ್ಳವ್ರಿಲ್ಲ. ನಮ್ಮ ಶೆಡ್ಡ ಪೂರಾ ಬಂದ್ ಇತ್ತು. ಕೀಲಿ ಹಾಕಿದ್ವಿ."

"ಏನ ಮಾತಾಡ್ತೀಯೋ? ದಿನಾ ಕೇಳೇನಿ ನಾನು. ದಿನಾ ಮಗ್ಗ ನಡೀತಿತ್ತು."

"ನಡೀತಿತ್ತು. ಒಂದ. ನಸಿಕಲೆ ಎದ್ದು, ಕೀಲಿ ತಗದು, ಅದೊಂದ ಹಚ್ಚತಿದ್ದ. ಮಗ್ಗದ ಮ್ಯಾಲೆ ಹಳೇ ಹಾಸಿನ ನೂಲು ಒಂದೀಟ ಉಳದಿತ್ತು. ಲಾಳ್ಯಾಗ ಕಂಡಿಕಿ ಇಲ್ಲ, ಏನಿಲ್ಲ. ಖಾಲಿ ಲಾಳಿ. ನೂಲಿಲ್ಲಂದ್ರ ಮಗ್ಗ ತಾನ ನಿಂದರತೈತಲ್ಲ, ನಿಂದರಸೂ ಆ ತಂತಿ ದಾರದ್ಲೆ ಕಟ್ಟಿ ಇಟ್ಟಿದ್ದ. ಬಾಜೂದವರು ನಗತಿದ್ರು, ಕಾಕಾ ಗಾಳಿ ನೇಯಾಕತ್ತಾರ ಅಂತ. ನಾ ಕೇಳಿದ್ದಕ್ಕ, ಶೈಲಾಗ ಹೇಳಿದ್ರ ಕಾಲ ಮುರೀತೀನಿ, ಧಂದಾ ಬಂದ್ ಐತಿ ಅಂತ ಗೊತ್ತಾದ್ರ ಓದು ಬಿಟ್ಟ ಬರ್ತಾಳ, ಅಂದ."

ನನ್ನ ಕೈ ಮೊರದಲ್ಲೇ ನಿಂತಿತು. ಕಂಡಿಕೆ ಇದ್ದರಲ್ಲವೇ ಮುಗಿಯಬೇಕು? ಮುಗಿದರಲ್ಲವೇ ಮಗ್ಗ ನಿಲ್ಲಬೇಕು? ಮಗ್ಗದ ಗೋಡೆಗೆ ತಲೆಯಿಟ್ಟು ಬೆಳೆದವಳು ನಾನು. ನಿಲ್ಲದ ಮಗ್ಗ ನೇಯುವುದಿಲ್ಲ ಅನ್ನುವುದು ನಮ್ಮ ಓಣಿಯ ಯಾವ ಕೂಸಿಗೂ ಗೊತ್ತು. ಹರಿಯದ ನೂಲು ಅಂತ ಹಿಗ್ಗಿದ್ದೆನಲ್ಲ, ಇರದ ನೂಲು ಹೇಗೆ ಹರಿದೀತು?

"ಅಪ್ಪನ ಮುಂದ ಹಿಡಿ," ಅಂದೆ.

ಶೆಡ್ಡು ಕಂಡಿತು. ಎಷ್ಟು ದೊಡ್ಡದಾಗಿತ್ತು ಅದು! ಮಗ್ಗಗಳಿದ್ದ ಕಡೆಯೆಲ್ಲ ಎಣ್ಣೆಯ ಕರಿ ಚೌಕಗಳು, ಬೋಲ್ಟು ಕಿತ್ತ ಗುಂಡಿಗಳು. ಆ ಗುಂಡಿಗಳನ್ನು ನಾನು ಮೊದಲೇ ನೋಡಿದ್ದೆ, ಬೇರೆ ದೇಶದಲ್ಲಿ, ನನ್ನ ಮಂಚದ ಕಾಲಿನ ಹತ್ತಿರ. ಕೊನೆಗೆ ಒಂದೇ ಮಗ್ಗ. ಅದಕ್ಕೆ ಬೆನ್ನು ಕೊಟ್ಟು ಅಪ್ಪ. ಬಾಗಿಲ ಕಡೆಯಿಂದ ಗುಜರಿಯವನ ಧ್ವನಿ, "ಕಾಕಾ, ಆವರಾ ಕೀ. ಉಶೀರ್ ಹೋತೋಯ್." ಬೇಗ ಮುಗಿಸಿ, ಹೊತ್ತಾಯಿತು ಅಂತ. ಅಪ್ಪನಿಗೆ ಕೇಳಲಿಲ್ಲ. ಕೇಳಿದ್ದರೂ ಕೇಳುತ್ತಿರಲಿಲ್ಲ.

ನನ್ನ ಮುಖ ಕಂಡೊಡನೆ ಅವನ ಮುಖ ಅರಳಿತು. ಬೆರಳು ತಿರುಗಿಸಿದ. ಹಚ್ಚಲೇನು? ನಾನು ಏನೂ ಹೇಳುವ ಮೊದಲೇ ಏನೋ ನೆನಪಾಗಿ ಗೋಡೆಯ ಕಡೆ ಕೈ ತೋರಿಸಿದ. ಮೀಟರು ಕಿತ್ತಿದ್ದರು, ತಂತಿಗಳು ಜೋತಾಡುತ್ತಿದ್ದವು. ಆದರೂ ಬಿಡಲಿಲ್ಲ. ತಿರುಗಿ, ಮಗ್ಗದ ಪಕ್ಕದ ಗಾಲಿಗೆ ಎರಡೂ ಕೈ ಹಾಕಿ, ಮೈಯ ಭಾರವನ್ನೆಲ್ಲ ಬಿಟ್ಟು ಎಳೆದ.

ಖಟ್.

ಒಂದೇ. ಇನ್ನೊಮ್ಮೆ ಎಳೆದ. ಸ್ವಲ್ಪ ತಡೆದು, ಖಟ್.

ಅವನಿಗೆ ಅದು ಕೇಳಲಿಲ್ಲ. ಅಂಗೈಯನ್ನು ಮಗ್ಗದ ಮೇಲಿಟ್ಟು ಸಪ್ಪಳ ಬಂತೋ ಇಲ್ಲವೋ ನೋಡಿಕೊಂಡ. ಆಮೇಲೆ ಫೋನಿನ ಹತ್ತಿರ ಬಂದ, ಬಿಳಿ ಗಡ್ಡ ಪರದೆಯ ತುಂಬ ಆಯಿತು. ತನ್ನ ಅಂಗೈಯನ್ನು ಗಲ್ಲಕ್ಕೆ ಆನಿಸಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಹುಬ್ಬು ಮೇಲೆತ್ತಿ ನನ್ನನ್ನೇ ನೋಡಿದ.

ನಿದ್ದೆ ಬರುತ್ತದೇನು ಈಗ?

ಇದಕ್ಕೆ ನಿಂತಿದ್ದ ಅವನು. ಇಷ್ಟು ವರ್ಷ ಅದಕ್ಕೆ ಎಣ್ಣೆ ಹಾಕಿ ಒರೆಸಿ ಇಟ್ಟುಕೊಂಡಿದ್ದು ಇದಕ್ಕೆ. ನಾನು ಎಂದಾದರೂ ಒಂದು ದಿನ, ನಿದ್ದೆ ಬರವಲ್ದಪ್ಪಾ ಅಂತ ಫೋನು ಮಾಡಿದರೆ?

ಹಳೇ ಕಬ್ಬಿಣ, ಖೋಲಿ, ಬಾಡಿಗೆ, ಬಸುವಿನ ಮಕ್ಕಳ ಶಾಲೆ, ಏನೇನೋ ಹೇಳಬೇಕು ಅಂದುಕೊಂಡಿದ್ದೆ. ಅದ್ಯಾವುದೂ ಬೇಕಾಗಲಿಲ್ಲ. ನನ್ನ ಅಂಗೈಯನ್ನು ಗಲ್ಲಕ್ಕೆ ಆನಿಸಿದೆ. ಕಣ್ಣು ಮುಚ್ಚಿದೆ. ಚೆಂದಾಗಿ ನಿದ್ದೆ ಹೋದವಳ ಹಾಗೆ, ತಲೆಯನ್ನು ಪೂರಾ ಕೈಗೆ ಬಿಟ್ಟು ಕೂತೆ. ಗಲ್ಲ ಉರಿಯತೊಡಗಿತು. ಸಂಕೇಶ್ವರದ ಕಾಯಿ ಅದು, ಅದಕ್ಕೆ ಯಾರ ಮುಲಾಜೂ ಇಲ್ಲ. ಉರಿ ಕಿವಿಯ ತನಕ ಏರಿತು. ಅಪ್ಪ ನೋಡುತ್ತಿದ್ದ. ನಾನು ಕೈ ತೆಗೆಯಲಿಲ್ಲ.

ಕಣ್ಣು ಬಿಟ್ಟಾಗ ಅಪ್ಪ ತಲೆಯಾಡಿಸುತ್ತಿದ್ದ, ಹಾಂ, ಹಾಂ ಅಂತ. ಹೆಗಲ ಮೇಲಿನ ವಸ್ತ್ರ ತೆಗೆದು ಮಗ್ಗವನ್ನು ಒಮ್ಮೆ ಒರೆಸಿದ. ಮಗ್ಗದ ಬದಿಯ ಪೆಟ್ಟಿಗೆಯೊಳಗಿದ್ದ ಲಾಳಿಯನ್ನು ಹೊರಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಪಕ್ಕಕ್ಕೆ ಸರಿದು, ಬಾಗಿಲ ಕಡೆ ಕೈ ಮಾಡಿ ಕರೆದ.

"ಸರದನವಾ, ಸರದ!" ಬಸುವಿನ ಧ್ವನಿ. "ಏನ ಹೇಳಿದಿ ಅವಂಗ?"

"ನಿದ್ದಿ ಬರ್ತೈತಿ ಅಂತ ಹೇಳಿದ್ನಿ."

"ಅಷ್ಟ?"

"ಅಷ್ಟ. ಬಸೂ, ಖೋಲಿ ಕಟ್ಟಿಸಿದ ಮ್ಯಾಲೆ ಆ ಹುಡುಗ್ಯಾರನ್ನ ದಿನಾ ಒಮ್ಮೆರ ಹೆಸರು ಹಿಡದ ಕರದು ಮಾತಾಡ್ಸು."

"ಯಾಕ?"

"ಸುಮ್ಮನ. ಮಾತಾಡ್ಸು."

ಟೆಂಪೋ ಹತ್ತಿರ ಯಾರೋ ಹೈಸಾ ಅಂದರು. ಬಸು ಫೋನು ಇಟ್ಟ.

ಅತ್ತೆ ಬಳ್ಳೊಳ್ಳಿ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಗಲ್ಲದ ಮೇಲೆ ಐದು ಬೆರಳೂ ಮೂಡಿರಬೇಕು. ಎದ್ದು ಒಳಗೆ ಹೋಗಿ ಬಟ್ಟಲಲ್ಲಿ ಮೊಸರು ತಂದು, ಎರಡು ಬೆರಳಿನಿಂದ ತಾವೇ ಹಚ್ಚಿದರು. "ಇಷ್ಟ ಕಲತೀ, ಖಾರದ ಕೈ ಮಾರಿಗೆ ಹಚ್ಚಬಾರದು ಅನ್ನೂದ ಕಲೀಲಿಲ್ಲ ನೋಡು ನಮ್ಮವ್ವ," ಅಂದರು. ಮೊಸರು ತಣ್ಣಗಿತ್ತು. ಅದನ್ನೂ ನನ್ನ ಪುಣ್ಯದ ಲೆಕ್ಕಕ್ಕೆ ಸೇರಿಸಿಕೊಂಡೆ.

ತೊಟ್ಟು ಮುರಿಯುವುದು ಮುಗಿದಿತ್ತು. ಕೈ ತೊಳೆದು, ಒಲೆಯ ಮೇಲೆ ಬಾಣಲೆ ಇಟ್ಟು, ಎಳ್ಳು ಹುರಿಯಲು ಕೂತೆ.